ಕಾಗೆಕಾಲು ಗುಬ್ಬಿಕಾಲು

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆಯವರು ಹೇಳಲಿ ಎಂದು ಜೀವನವಿಡೀ ಕಾದು ಕೂತವಳು ನಾನು, ಒಂದು ಸಲ ನಾನೇ ಹೇಳಿಬಿಟ್ಟರೆ ತಪ್ಪೇನು? ಕಾಲೇಜಿನ ಕಚೇರಿಯಲ್ಲಿ ಪ್ರಮಾಣಪತ್ರಗಳ ಮೇಲೆ ಹೆಸರು ಬರೆಯುವುದು ನನ್ನ ಕೆಲಸ. ಕಂಪ್ಯೂಟರು ಬಂದು ಉಳಿದದ್ದನ್ನೆಲ್ಲ ಅಚ್ಚು ಹಾಕತೊಡಗಿದ ಮೇಲೂ ಹೆಸರಿನ ಜಾಗವನ್ನು ಮಾತ್ರ ನನಗಾಗಿ ಖಾಲಿ ಬಿಡುತ್ತಾರೆ.

ತವರಿನಲ್ಲಿ ಅಕ್ಕ ಚೆಲುವೆ, ತಮ್ಮ ಬುದ್ಧಿವಂತ. ಮನೆಗೆ ಬಂದವರು ಅವರಿಬ್ಬರನ್ನೂ ಹೊಗಳಿ ಮುಗಿಸಿ, ನನ್ನ ಕಡೆ ತಿರುಗಿ ಏನು ಹೇಳಬೇಕೆಂದು ತೋಚದೆ ತಡವರಿಸುತ್ತಿದ್ದರು. ಆಗ ಅಮ್ಮ ಓಡಿಹೋಗಿ ನನ್ನ ಕಾಪಿ ಪುಸ್ತಕ ತಂದು ಮುಂದೆ ಹಿಡಿಯುತ್ತಿದ್ದಳು. "ಅಬ್ಬಾ, ಮುತ್ತು ಪೋಣಿಸಿದ ಹಾಗಿದೆಯಲ್ಲ!" ಅನ್ನುತ್ತಿದ್ದರು. ಅವತ್ತು ಕೊರಳಿಗೆ ಬಿದ್ದ ಆ ಮುತ್ತುಗಳನ್ನು ವಯಸ್ಸು ಐವತ್ತನಾಲ್ಕಾದರೂ ನಾನು ತೆಗೆದಿರಲಿಲ್ಲ.

ಆದ್ದರಿಂದಲೇ, ಕಣ್ಣು ಕಾಣದ ಹೆಂಗಸೊಬ್ಬಳಿಗೆ ಪರೀಕ್ಷೆ ಬರೆದುಕೊಡಲು ಯಾರಾದರೂ ಬೇಕೆಂದು ಕಚೇರಿಯ ಗೋಡೆಗೆ ಚೀಟಿ ಅಂಟಿಸಿದಾಗ ನಾನು ಹಿಂದೆಮುಂದೆ ನೋಡಲಿಲ್ಲ. ಒಳ್ಳೆಯ ಕೆಲಸ. ಅದೂ ನಾಲ್ಕು ಜನರಿಗೆ ಕಾಣುವಂಥ ಒಳ್ಳೆಯ ಕೆಲಸ.

"ನಾಲ್ಕು ಗಂಟೆ ಕೈ ನೋಯಿಸ್ಕೊಂಡು ಬರ್ತೀಯಾ?" ಎಂದರು ನಮ್ಮ ಯಜಮಾನರು.

"ಪುಣ್ಯ ಬರುತ್ತೆ ರೀ."

"ಕಾಲೇಜಿನ ಪತ್ರಿಕೇಲಿ ಫೋಟೋನೂ ಬರುತ್ತೆ ಬಿಡು."

ಈ ಮನುಷ್ಯ ಮೂವತ್ತು ವರ್ಷದಿಂದ ನನ್ನನ್ನು ಅರ್ಥ ಮಾಡಿಕೊಂಡಿಲ್ಲ ಎಂದು ನಾನು ಎಲ್ಲರ ಹತ್ತಿರವೂ ಹೇಳುತ್ತೇನೆ. ಅರ್ಥ ಮಾಡಿಕೊಂಡುಬಿಟ್ಟಿದ್ದಾರೆ, ಅದೇ ನನ್ನ ಕಷ್ಟ.

ಪರೀಕ್ಷೆ ಕಟ್ಟಿದ್ದ ಆ ಹೆಂಗಸು ದೊಡ್ಡಾಸ್ಪತ್ರೆಯ ಟೆಲಿಫೋನ್ ಆಪರೇಟರ್. ಅಲ್ಲಿ ಎಲ್ಲರಿಗೂ ಅವಳು ಫೋನಮ್ಮ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ. ನಾನು ಮೊದಲ ಸಲ ಹೋದಾಗ ಕೋಣೆಯಲ್ಲಿ ಒಂದು ಚಮಚವೂ ಅಡ್ಡಾದಿಡ್ಡಿ ಬಿದ್ದಿರಲಿಲ್ಲ. ಹಾಲು ಉಕ್ಕುವ ಮೊದಲಿನ ಸದ್ದು ಕೇಳಿ ಒಲೆ ಆರಿಸಿದಳು, ನನಗೆ ಕಾಫಿ ಕೊಟ್ಟಳು. ನಾನು ಕನ್ನಡಕಕ್ಕಾಗಿ ಚೀಲವನ್ನೆಲ್ಲ ಬುಡಮೇಲು ಮಾಡುತ್ತಿದ್ದಾಗ, "ಬಂದ ತಕ್ಷಣ ಕಿಟಕಿ ಹತ್ರ ಏನೋ ಟಕ್ ಅಂತ ಇಟ್ರಲ್ಲಕ್ಕ, ಅದೇ ಇರ್ಬೇಕು" ಎಂದಳು. ಅದೇ ಆಗಿತ್ತು.

ಪದವಿಯ ಕೊನೆಯ ಪತ್ರಿಕೆ, ಇತಿಹಾಸ. ಎರಡು ಸಲ ಬಿದ್ದಿದ್ದಳು. ಮೊದಲ ಸಲ ಬರೆದುಕೊಟ್ಟವನು ಇವಳು ಹೇಳಿದ್ದನ್ನು ಬಿಟ್ಟು ತನಗೆ ಗೊತ್ತಿದ್ದದ್ದನ್ನು ಬರೆದಿದ್ದ. ಎರಡನೆಯವಳು ಅರ್ಧದಲ್ಲೇ ತಲೆನೋವೆಂದು ಎದ್ದುಹೋಗಿದ್ದಳು. ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಮೇಷ್ಟ್ರ ಜಾಗವೊಂದು ಖಾಲಿಯಿತ್ತು. ಅದಕ್ಕೆ ಪದವಿ ಬೇಕು, ವಯಸ್ಸು ನಲವತ್ತು ದಾಟಿರಬಾರದು. ಅವಳಿಗೆ ಮೂವತ್ತೊಂಬತ್ತು ತುಂಬಿತ್ತು. ಈ ಸಲ ತಪ್ಪಿದರೆ ಮುಂದಿನ ಸಲ ಎನ್ನುವುದೇ ಇರಲಿಲ್ಲ.

ಮೊದಲ ಭಾನುವಾರ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಅಭ್ಯಾಸಕ್ಕೆ ಕೂತೆವು. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ತಲೆಕಟ್ಟುಗಳೆಲ್ಲ ಒಂದೇ ಎತ್ತರ, ಒತ್ತಕ್ಷರಗಳೆಲ್ಲ ಒಂದೇ ಓರೆ. ನಡುನಡುವೆ ಹಾಳೆಯನ್ನು ದೂರ ಹಿಡಿದು ನೋಡಿದೆ. ಗಡಿಯಾರ ಬಡಿದಾಗ ಐದು ಪ್ರಶ್ನೆಗಳಲ್ಲಿ ಮೂರು ಮುಗಿದಿದ್ದವು.

"ಬೇಜಾರು ಮಾಡ್ಕೋಬೇಡಿ ಅಕ್ಕ. ನಿಮ್ಮ ಪೆನ್ನಿನ ಸದ್ದು ಕೇಳ್ತಿದ್ದೆ. ನೀವು ಬರೀತಿಲ್ಲ, ರಂಗೋಲಿ ಹಾಕ್ತಿದ್ದೀರಿ."

ನನಗೆ ಸುರ್ರೆಂದಿತು. "ಅಕ್ಷರ ನೋಡಿಯೇ ಮಾರ್ಕ್ಸ್ ಹಾಕೋರು ಇದ್ದಾರಮ್ಮ."

"ಬರೀದೇ ಇರೋ ಎರಡು ಉತ್ತರಕ್ಕೆ ಏನು ನೋಡಿ ಹಾಕ್ತಾರಕ್ಕ?"

ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದು ಬಂದೆ. ಮನೆಗೆ ಬಂದು ಬಾಗಿಲು ಹಾಕಿದ ಸದ್ದಿಗೆ ಯಜಮಾನರು ಪೇಪರಿನಿಂದ ತಲೆಯೆತ್ತಿದರು.

"ನನ್ನ ಅಕ್ಷರ ಬೇಡ್ವಂತೆ ಅವಳಿಗೆ! ಕೋಳಿ ಕೆದರಿದ ಹಾಗೆ ಬರೀಬೇಕಂತೆ!"

"ಅಷ್ಟೇ ತಾನೆ? ನನ್ನ ಕರ್ಕೊಂಡು ಹೋಗು. ನನ್ನದು ಹುಟ್ಟಾ ಕಾಗೆಕಾಲು ಗುಬ್ಬಿಕಾಲು."

ನಗು ಬರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು ಹಳೆಯ ಪಟ್ಟಿಯೊಂದನ್ನು ಬೇಗ ಬೇಗ ಬರೆಯಲು ನೋಡಿದೆ. ಕೈ ಕೇಳಲಿಲ್ಲ. ಎರಡು ಸಾಲು ಓಡುತ್ತಿತ್ತು, ಮೂರನೆಯದಕ್ಕೆ ತಾನೇ ನಿಂತು ಸೆರಗು ಸರಿಮಾಡಿಕೊಳ್ಳುತ್ತಿತ್ತು. ಉತ್ತರಪತ್ರಿಕೆಯ ಜೊತೆಗೆ ಬರೆದುಕೊಟ್ಟವರ ಹೆಸರು, ಸಹಿ ಇರುವ ಕಾಗದವೂ ಹೋಗುತ್ತದೆ. ಆ ಗೀಚಾಟದ ಪಕ್ಕದಲ್ಲಿ ನನ್ನ ಹೆಸರು! ಅದನ್ನು ನೆನೆದು ಅಳು ಬಂತು. ಒಬ್ಬಳ ಬದುಕಿನ ಕೊನೆಯ ಅವಕಾಶ ಒಂದು ಕಡೆ, ನನ್ನ ಒತ್ತಕ್ಷರದ ಓರೆ ಇನ್ನೊಂದು ಕಡೆ. ತಕ್ಕಡಿ ನನ್ನ ಕಡೆಗೇ ವಾಲುತ್ತಿದೆ ಎಂದು ಗೊತ್ತಾದಾಗ ಆದ ನಾಚಿಕೆಗೆ ಅಳುವೂ ನಿಂತುಹೋಯಿತು.

ಮುಂದಿನ ಭಾನುವಾರ ಹೋದೆ. ಬಾಗಿಲು ತೆರೆದವಳೇ, "ಮೆಟ್ಟಿಲ ಸದ್ದಲ್ಲೇ ಗೊತ್ತಾಯ್ತು. ಸಿಟ್ಟು ಅರ್ಧ ಇಳಿದಿದೆ" ಎಂದಳು.

"ಮುಕ್ಕಾಲು" ಎಂದೆ.

ಆ ದಿನ ನಾಲ್ಕು ಪ್ರಶ್ನೆ ಮುಗಿಯಿತು. ಅದರ ಮುಂದಿನ ವಾರ ನಾಲ್ಕೂವರೆ. ಅಲ್ಲಿಗೆ ಭಾನುವಾರಗಳು ಮುಗಿದವು.

ಪರೀಕ್ಷೆಯ ದಿನ ನಮ್ಮಿಬ್ಬರಿಗೆಂದು ಪ್ರಯೋಗಶಾಲೆಯ ಪಕ್ಕದ ಚಿಕ್ಕ ಕೋಣೆ ಕೊಟ್ಟಿದ್ದರು. ಮೇಲ್ವಿಚಾರಣೆಗೆ ಬಂದವನು ನಮ್ಮ ಕಾಲೇಜಿನದೇ ಹೊಸ ಉಪನ್ಯಾಸಕ. ಅವನ ಪದವಿಪತ್ರಕ್ಕೆ ಹೆಸರು ಬರೆದವಳು ನಾನೇ. "ಇವತ್ತು ನಿಮ್ಮ ಅಕ್ಷರ ಹತ್ತಿರದಿಂದ ನೋಡೋ ಭಾಗ್ಯ ಮೇಡಂ" ಎಂದು ಕೈಮುಗಿದ. ಕೆಲಸ ಕೆಟ್ಟಿತು ಎಂದುಕೊಂಡೆ.

ಆ ಒಂದು ಮಾತು ಸಾಕಾಯಿತು. ಮೊದಲ ಉತ್ತರ ಮತ್ತೆ ಮುತ್ತಾಯಿತು. ಅವನು ಬಗ್ಗಿ ನೋಡಿ ತಲೆದೂಗಿದ. ಫೋನಮ್ಮ ವಾಕ್ಯ ಹೇಳಿ ಕಾಯುತ್ತಿದ್ದಳು, ಮತ್ತೊಂದು ಹೇಳಿ ಕಾಯುತ್ತಿದ್ದಳು. ಮೇಜಿನ ಮೇಲಿದ್ದ ಅವಳ ಬೆರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು. ಉಗುರಿನ ತುದಿ ಬೆಳ್ಳಗಾಯಿತು. ಅದು ನನ್ನ ಕಣ್ಣಿಗೆ ಬಿತ್ತು.

ಎರಡನೆಯ ಪ್ರಶ್ನೆ, ನದಿ ದಿಕ್ಕು ಬದಲಿಸಿದಾಗ ಪಟ್ಟಣವೊಂದು ಬರಿದಾದ ಬಗ್ಗೆ. "ಮೊದಲು ದೋಣಿಯವರು ಹೊರಟರು" ಎಂದು ಶುರುಮಾಡಿದಳು. "ಆಮೇಲೆ ದೋಣಿಯವರಿಗೆ ಹಗ್ಗ ಮಾರುವವರು. ಅವರಿಗೆ ಅನ್ನ ಬೇಯಿಸಿ ಹಾಕುತ್ತಿದ್ದವರು. ಸುಂಕದ ಕಟ್ಟೆಯವನೊಬ್ಬ ಮಾತ್ರ ನೀರಿಲ್ಲದ ದಡದಲ್ಲಿ ಆರು ವರ್ಷ ಕೂತಿದ್ದ..." ಇತಿಹಾಸವನ್ನು ನಾನು ಯಾವತ್ತೂ ಓದಿದವಳಲ್ಲ. ಆ ಮನುಷ್ಯನಿಗೆ ಮುಂದೇನಾಯಿತು? ಅವಳ ದನಿ ನಡೆಯಿತು, ನನ್ನ ಕೈ ಅದರ ಹಿಂದೆ ಓಡಿತು. ತಲೆಕಟ್ಟು ಹಾರಿಹೋಯಿತು, ಒತ್ತು ಎಲ್ಲೋ ಬಿತ್ತು. ನಾನು ಎತ್ತಿಕೊಳ್ಳಲು ನಿಲ್ಲಲಿಲ್ಲ.

ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುತ್ತೇನೆ. ದೇವರ ಹತ್ತಿರ ಹೋಗುವ ಆಸೆ. ಕೂತಾಗ ಕಾಣುವುದೆಲ್ಲ ಕೂತಿರುವ ನಾನೇ: ಬೆನ್ನು ಎಷ್ಟು ನೆಟ್ಟಗಿದೆ, ಮುಖ ಎಷ್ಟು ಶಾಂತವಾಗಿದೆ, ಯಾರಾದರೂ ನೋಡಿದರೆ ಏನಂದುಕೊಂಡಾರು. ಆ ಚಿಕ್ಕ ಕೋಣೆಯಲ್ಲಿ ಕಣ್ಣು ತೆರೆದೇ ಇತ್ತು, ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ನಾನು ಎಲ್ಲೂ ಇರಲಿಲ್ಲ. ಒಂದು ದನಿ ಇತ್ತು, ಅದು ಹಾಳೆಗೆ ಇಳಿಯಲು ಒಂದು ಕೈ ಇತ್ತು. ಕೈ ಯಾರದೆಂದು ಕೇಳುವವರು ಯಾರೂ ಇರಲಿಲ್ಲ. ಎಷ್ಟು ಹಗುರವಾಗಿತ್ತೆಂದರೆ, ಇಷ್ಟು ವರ್ಷ ನನ್ನನ್ನೇ ಹೊತ್ತು ತಿರುಗಿದ್ದು ಎಂಥ ಭಾರವೆಂದು ಆಮೇಲೆ ಗೊತ್ತಾಯಿತು.

"ಕೈಗೆ ಏನಾಯ್ತು ಮೇಡಂ?" ಎಂದು ಆ ಹುಡುಗ ಉಪನ್ಯಾಸಕ ಗಾಬರಿಯಿಂದ ಕೇಳಿದನಂತೆ. ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲಿಲ್ಲ, ಫೋನಮ್ಮನೇ ಹೇಳಿದ್ದು.

ಐದನೆಯ ಉತ್ತರದ ಕೊನೆಯ ಚುಕ್ಕೆ ಇಟ್ಟಾಗ ಇನ್ನೂ ಒಂಬತ್ತು ನಿಮಿಷ ಉಳಿದಿತ್ತು.

"ಒಂದ್ಸಲ ಓದಿ ಅಕ್ಕ."

ಓದಿದೆ. ನಾಲ್ಕನೆಯ ಪುಟದಲ್ಲಿ ನಿಂತೆ. ಹಾಳೆಯನ್ನು ಹತ್ತಿರ ಹಿಡಿದೆ, ದೂರ ಹಿಡಿದೆ.

"ಯಾಕಕ್ಕ?"

"ಇಲ್ಲೊಂದು ಪದ ಇದೆ ಕಣೇ. ಜಿರಳೆ ಅಂಗಾತ ಬಿದ್ದ ಹಾಗೆ ಕಾಣುತ್ತೆ. ಏನು ಬರೆದಿದ್ದೀನೋ ಆ ದೇವರಿಗೇ ಗೊತ್ತು!"

ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ. "ಪರೀಕ್ಷಾ ಕೊಠಡಿ ಇದು!" ಎಂದು ಗದರಿದ ಉಪನ್ಯಾಸಕ ಬಗ್ಗಿ ಆ ಪದ ನೋಡಿದ, ಬಾಯಿಗೆ ಕೈ ಅಡ್ಡ ಹಿಡಿದು ಕಿಟಕಿಯ ಕಡೆ ತಿರುಗಿಕೊಂಡ. ಹಿಂದಿನ ಸಾಲು ಓದಿ ಹೇಳಿದೆ, ಅವಳು ಪದ ನೆನಪಿಸಿಕೊಂಡಳು, ಜಿರಳೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾಗಿ ಬರೆದೆ. ಆಮೇಲೆ ಜೊತೆಗಿಡುವ ಕಾಗದಕ್ಕೆ ಸಹಿ ಹಾಕಿ ಕೊಟ್ಟೆ. ಎದೆ ಒಂದಿಷ್ಟೂ ಅಳುಕಲಿಲ್ಲ.

ಏಳು ವಾರದ ಮೇಲೆ, ಕಚೇರಿಯಲ್ಲಿ ಎಲ್ಲರೂ ತಲೆತಗ್ಗಿಸಿ ಕೆಲಸ ಮಾಡುತ್ತಿದ್ದ ಹೊತ್ತಿನಲ್ಲಿ, ಫೋನು ಬಡಿದುಕೊಂಡಿತು.

"ಅಕ್ಕಾ, ಅರವತ್ತೆಂಟು!"

"ಏನೇ ಅರವತ್ತೆಂಟು?"

"ಮಾರ್ಕ್ಸು! ಪಾಸಾದೆ ಅಕ್ಕ! ಶಾಲೆಯವರೂ ಫೋನ್ ಮಾಡಿದ್ರು, ಹೋದ ವಾರ ಸಂದರ್ಶನ ಮಾಡಿದ್ರಲ್ಲ, ಪದವಿಪತ್ರ ತಂದು ಕೆಲಸಕ್ಕೆ ಸೇರ್ಕೊಳ್ಳಿ ಅಂದ್ರು! ಇರಿ, ಇಡಬೇಡಿ, ಇಲ್ಲಿ ಎಲ್ಲ ಲೈನೂ ಬಡ್ಕೊಳ್ತಿವೆ..."

ಇಡಲಿಲ್ಲ. ಅವಳು ನನ್ನ ಲೈನನ್ನು ಹಾಗೇ ತೆರೆದಿಟ್ಟು ಉಳಿದವರಿಗೆ ಉತ್ತರ ಕೊಡತೊಡಗಿದಳು. ಎಲ್ಲವೂ ಕೇಳಿಸುತ್ತಿತ್ತು.

"ದೊಡ್ಡಾಸ್ಪತ್ರೆ. ನಾನು ಪಾಸಾದೆ ಸಾರ್! ನಿಮಗೆ ಯಾವ ವಾರ್ಡು ಬೇಕು?... ಹಲೋ, ಹೆರಿಗೆ ವಾರ್ಡಾ? ಹೆಣ್ಣಾ? ನಿಮಗೆ ಮಗಳು, ನನಗೆ ಡಿಗ್ರಿ, ಇಬ್ಬರಿಗೂ ಒಳ್ಳೇದಾಗ್ಲಿ, ಲೈನ್ ಕೊಡ್ತೀನಿ ಇರಿ... ಡಾಕ್ಟ್ರೇ, ಬೈಬೇಡಿ, ಇವತ್ತೊಂದಿನ ಬೈಬೇಡಿ..."

ಆ ಕಡೆಯಿಂದ ಯಾರು ಯಾರೋ ನಗುತ್ತಿದ್ದರು. ಯಾರೋ ಮುದುಕರು ಹರಸಿದರು. ನನ್ನ ಹೆಸರನ್ನು ಅವಳು ಯಾರಿಗೂ ಹೇಳಲಿಲ್ಲ. ಆಗ ಅದು ನನಗೆ ಹೊಳೆಯಲೂ ಇಲ್ಲ. ಫೋನನ್ನು ಎರಡು ಕೈಯಲ್ಲೂ ಕಿವಿಗೊತ್ತಿಕೊಂಡು, ಮುಂದಿನ ಕರೆ ಯಾರದು ಎಂದು ಕೇಳುತ್ತ ಕೂತೇ ಇದ್ದೆ.