ನೆಟ್ಟಗೆ ನಿಲ್ಲು

“ಇನ್ನೂ ಸ್ವಲ್ಪ ಒತ್ತು,” ಎಂದ ದರ್ಜಿ. ಹೆಂಡತಿಯ ಎಡ ಮೊಣಕಾಲಿನ ಮೇಲೆ ಅವನ ಎರಡೂ ಕೈಗಳಿದ್ದವು. ಬಲ ಮೊಣಕಾಲನ್ನು ನಾದಿನಿ ಹಿಡಿದಿದ್ದಳು.

ಮಗ್ಗುಲಾಗಿ, ಮಂಡಿಗಳನ್ನು ಎದೆಯತ್ತ ಎಳೆದುಕೊಂಡು ಮಲಗಿದವಳು ನಿದ್ದೆಯಲ್ಲೇ ಹೋಗಿದ್ದಳು. ಹೃದಯ ನಿಂತಿದೆ ಎಂದು ಬೆಳಗ್ಗೆ ಬಂದ ಡಾಕ್ಟರು ಹೇಳಿದ್ದರು. ಈಗ ಮೈ ಸೆಟೆದುಕೊಂಡಿತ್ತು. ಒಂದು ಕಾಲನ್ನು ಒತ್ತಿದರೆ ಇನ್ನೊಂದು ಏಳುತ್ತಿತ್ತು.

“ಸಾಕು ಬಿಡಿ ಭಾವ. ಬದುಕಿದ್ದಾಗಲೇ ಅಕ್ಕ ನಿಮ್ಮ ಮಾತು ಕೇಳಿದವಳಲ್ಲ, ಈಗ ಕೇಳ್ತಾಳಾ?”

“ಅದಕ್ಕೇ ಹೇಳ್ತಿರೋದು. ನಾಲ್ಕು ಜನ ಬರ್ತಾರೆ. ಕೊನೇ ಸಲವಾದ್ರೂ ನೆಟ್ಟಗೆ ಕಾಣ್ಲಿ.”

ಶವಪೆಟ್ಟಿಗೆ ತಂದವನು ಬಾಗಿಲಲ್ಲಿ ನಿಂತು ಕೆಮ್ಮಿದ. ಅವನ ಹಿಂದಿನಿಂದ ಒಬ್ಬ ಗಂಡಸು ಒಳಗೆ ಬಂದ. ಅವಳು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ಸಹೋದ್ಯೋಗಿ. ಮಂಚದತ್ತ ನೋಡಿದವನೇ ಮುಂದೆ ಬಂದು ದರ್ಜಿಯ ಮೊಣಕೈ ಹಿಡಿದ.

“ಬೇಡ ಸರ್, ಮೇಡಂಗೆ ನೋ...” ಎಂದವನು ಉಳಿದದ್ದನ್ನು ನುಂಗಿಕೊಂಡ.

“ಸತ್ತವಳಿಗೆ ಎಂಥ ನೋವು ರೀ?”

“ಅವರು ನೆಟ್ಟಗೆ ಮಲಗೋ ಹಾಗಿರಲಿಲ್ಲ. ನಿಮಗೆ ಗೊತ್ತಿಲ್ವಾ?”

ದರ್ಜಿ ಕೈ ತೆಗೆದ. “ಏನು ಗೊತ್ತಿಲ್ಲ?”

ಸಹೋದ್ಯೋಗಿ ಸುತ್ತ ನೋಡಿದ. ಹೊಲಿಗೆ ಯಂತ್ರದ ಮೇಲೆ ಎಲಾಸ್ಟಿಕ್ ಪಟ್ಟಿಯ ಸುರುಳಿ ಇತ್ತು. ಅದನ್ನು ಎತ್ತಿಕೊಂಡ. “ಸೊಂಟದ ಮೂಳೆಗಳಲ್ಲಿ ನರಗಳು ಇಳಿಯೋ ಕೊಳವೆ ಇದೆಯಲ್ಲ, ಅದರ ಹಿಂಬದಿಗೆ ಒಂದು ಹಳದಿ ಪಟ್ಟಿ ಇರುತ್ತೆ. ಮೊದಲು ಇದೇ ಥರ ಎಳೆದ್ರೆ ಬರುತ್ತೆ. ವಯಸ್ಸಾದ ಮೇಲೆ ಕೆಲವರಿಗೆ ಆ ಹಿಗ್ಗೋ ಗುಣ ಕಮ್ಮಿಯಾಗಿ, ಗಾಯ ಮಾಗಿದ ಜಾಗದ ಹಾಗೆ ದಪ್ಪ ಆಗುತ್ತೆ. ನೆಟ್ಟಗೆ ನಿಂತ್ರೆ ಅದು ಮಡಚಿ ಒಳಗೆ ನುಗ್ಗಿ ನರ ಹಿಚುಕುತ್ತೆ. ಬಗ್ಗಿದ್ರೆ ಹಿಗ್ಗಿ ಜಾಗ ಬಿಡುತ್ತೆ.”

“ಯಾಕೆ ಹಾಗೆ ದಪ್ಪ ಆಗೋದು?” ನಾದಿನಿ ಕೇಳಿದಳು.

“ಅದನ್ನೇ ಮೇಡಂ ಹುಡುಕ್ತಿದ್ದದ್ದು. ಪೂರ್ತಿ ಸಿಗಲಿಲ್ಲ.” ಅವನು ಪಟ್ಟಿಯನ್ನು ಮತ್ತೆ ಸುತ್ತತೊಡಗಿದ. “ನಮ್ಮ ಲ್ಯಾಬಿನ ಗೋಡೆ ಮೇಲೆ ಹೆಸರಿಲ್ಲದ ಒಂದು ಸ್ಕ್ಯಾನ್ ಚಿತ್ರ ಇದೆ. ಅದು ಅವರದೇ ಬೆನ್ನು.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕೆಲಸ ಬಿಡಿಸ್ತಾರೆ ಅಂತಿದ್ರು.”

ಇಲ್ಲ ಎನ್ನಲು ದರ್ಜಿ ಬಾಯಿ ತೆರೆದ. ಕಣ್ಣು ಬಟ್ಟೆಯ ಕಪಾಟಿನತ್ತ ಹೋಯಿತು.

*

ಬೂದು ಬಣ್ಣದ ಕೋಟಿಗೆ ಅಳತೆ ತೆಗೆದುಕೊಂಡ ದಿನ ಅವಳು ಕನ್ನಡಿಯ ಮುಂದೆ ನಿಂತು ಕತ್ತರಿಸುವ ಮೇಜಿನ ಅಂಚು ಹಿಡಿದಿದ್ದಳು.

“ಮೇಜು ಬಿಡು. ನೆಟ್ಟಗೆ ನಿಲ್ಲು. ದಿನವಿಡೀ ಆ ಸೂಕ್ಷ್ಮದರ್ಶಕದ ಮೇಲೆ ಬಿದ್ದಿರ್ತೀಯ, ಪ್ರಶ್ನೆ ಚಿಹ್ನೆ ಆಗಿದ್ದೀಯ ನೋಡು.”

“ಉತ್ತರ ಸಿಗೋವರೆಗೂ ಹೀಗೇ ಇರ್ತೀನಿ ಬಿಡಿ.”

“ನಾನು ಹೊಲಿದ ಕೋಟು ನಿನ್ನ ಮೈ ಮೇಲೆ ಹಿಂದೆ ಮೇಲೇರುತ್ತೆ, ಮುಂದೆ ಜೋತು ಬೀಳುತ್ತೆ. ದೀಪದ ಬುಡದಲ್ಲೇ ಕತ್ತಲೆ ಅಂತ ಗಿರಾಕಿಗಳು ನಗ್ತಾರೆ. ಆ ಕೆಲಸ ಬಿಟ್ಟುಬಿಡು ಅಂದ್ರೆ ಕೇಳಲ್ಲ.”

ಅವಳು ಮೇಜು ಬಿಟ್ಟಳು. ನೆಟ್ಟಗೆ ನಿಂತಳು. ಅವನು ಬೆನ್ನಿನ ಮೇಲೆ ಟೇಪು ಇಳಿಬಿಟ್ಟು, ತೃಪ್ತಿಯಿಂದ ತೋಳು ಅಳೆದ, ಸೊಂಟ ಅಳೆದ. ಕನ್ನಡಿಯಲ್ಲಿ ಅವಳ ಮೇಲ್ದುಟಿಯ ಮೇಲೆ ಬೆವರು ಕಾಣಿಸಿತು. ಕಿಟಕಿ ತೆರೆಯಬೇಕಿತ್ತು ಎಂದುಕೊಂಡ.

“ಆಯ್ತಾ?” ಎಂದಳು.

“ತಾಳು. ಬೆನ್ನು ಇನ್ನೊಂದು ಸಲ.”

ನಿಂತೇ ಇದ್ದಳು.

*

“ಈಗೇನು ಮಾಡೋದು ಭಾವ?”

ದರ್ಜಿ ಹೆಂಡತಿಯ ಮಂಡಿಗಳನ್ನು ಒಂದೊಂದಾಗಿ, ಅವು ಇದ್ದ ಕಡೆಗೇ ಮಡಚಿದ. ನಾದಿನಿ ಭುಜ ಹಿಡಿದು ಅವಳನ್ನು ಮಗ್ಗುಲಿಗೆ ತಿರುಗಿಸಿದಳು.

“ಹೀಗಿಟ್ರೆ ಮುಚ್ಚಳ ಕೂರಲ್ಲ ಸ್ವಾಮಿ,” ಎಂದ ಪೆಟ್ಟಿಗೆಯವನು. “ಅಗಲದ್ದು ತರಬೇಕಾಗುತ್ತೆ. ತಡ ಆಗುತ್ತೆ.”

“ತನ್ನಿ.”

“ಜನ ಬಂದು ಕಾಯ್ತಾರಲ್ಲ?”

“ಕಾಯ್ಲಿ.”

ಕಪಾಟಿನಿಂದ ಬೂದು ಕೋಟನ್ನು ತೆಗೆದು ಅವಳ ಪಕ್ಕದಲ್ಲಿ ಹಾಸಿದ. ಮಡಿಕೆ ಕೆಡದ, ನೇರ ಬೆನ್ನಿನ ಕೋಟು. ಅವನು ಹೊಲಿದದ್ದರಲ್ಲೆಲ್ಲ ಅತ್ಯುತ್ತಮವಾದದ್ದು. ಕತ್ತರಿಯ ತುದಿಯನ್ನು ಬೆನ್ನಿನ ನಡುಹೊಲಿಗೆಗೆ ಸಿಕ್ಕಿಸಿ, ಕುತ್ತಿಗೆಯಿಂದ ಕೆಳಗಿನ ಅಂಚಿನವರೆಗೆ ಬಿಚ್ಚಿದ. ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು, ಕೊರಳಲ್ಲಿದ್ದ ಟೇಪು ತೆಗೆದ.

ಅದರ ಒಂದು ತುದಿಯನ್ನು ಅವಳ ಕುತ್ತಿಗೆಯ ಬುಡದಲ್ಲಿಟ್ಟು, ಬಾಗಿದ ಬೆನ್ನಿನ ಮೇಲೆ ಬೆರಳಿನಿಂದ ಒತ್ತುತ್ತ ಇಳಿಸಿದ. ಅವಳು ನೆಟ್ಟಗೆ ನಿಂತಾಗಿನ, ಅವನಿಗೆ ಬಾಯಿಪಾಠವಾಗಿದ್ದ ಅಂಕಿ ಬಂತು. ಬೆನ್ನು ಇನ್ನೂ ಮುಗಿದಿರಲಿಲ್ಲ. ಟೇಪು ಆ ಅಂಕಿಯನ್ನು ದಾಟಿ ಕೆಳಗೆ ಹೋಯಿತು.

“ಎಷ್ಟು ಬಂತು ಭಾವ?”

ಬಾಯಲ್ಲಿ ಸೂಜಿಗಳಿದ್ದವು. ಅವನು ಟೇಪು ಎತ್ತಿ, ಕುತ್ತಿಗೆಯಿಂದ ಮತ್ತೊಮ್ಮೆ, ಮೊದಲಿಗಿಂತ ನಿಧಾನವಾಗಿ ಇಳಿಸತೊಡಗಿದ.