ಎರಡೂ ಗೂಡಿಗೆ ಒಂದೇ ದಿನ

ಗೊರಗೊರ ಗೊರಗೊರ, ಕಂಬಕ್ಕೆ ಮೈ ಉಜ್ಜುವ ಸದ್ದು, ತನ್ನ ಗೂಡಿನದೋ ಬೇಲಿಯಾಚೆ ತಂಗಿಯ ಗೂಡಿನದೋ, ಅಕ್ಕನಿಗೆ ಈಗ ಗುರುತೇ ಹತ್ತುವುದಿಲ್ಲ, ಎರಡು ಕಡೆ ಹಂದಿಗಳಿಗೂ ಅದೇ ಕಜ್ಜಿ, ತನ್ನ ಹೆಣ್ಣುಹಂದಿ ದಪ್ಪಮ್ಮನ ಕಿವಿಯೊಳಗೆಲ್ಲ ಹಕ್ಕಳೆ, ಬಸುರಿ ಬೇರೆ, ಇವತ್ತೋ ನಾಳೆಯೋ ಮರಿ ಹಾಕುತ್ತಾಳೆ, ತಾಯಿಯ ಮೈಯಿಂದ ಮರಿಗಳಿಗೆ ಹತ್ತಿದರೆ ಕೆರೆದುಕೊಂಡೇ ಸೊರಗಿ ಸಾಯುತ್ತವೆ, ಕಣ್ಣಿಗೆ ಕಾಣದ ಹುಳ ಕಣಮ್ಮ, ಚರ್ಮದೊಳಗೆ ಬಿಲ ತೋಡಿ ಮೊಟ್ಟೆ ಇಡುತ್ತೆ, ಎರಡೂ ಗೂಡಿಗೆ ಒಂದೇ ದಿನ ಮದ್ದು ಹಾಕ್ಬೇಕು, ಒಂದು ಕಡೆ ಬಿಟ್ರೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ — ದನದ ಡಾಕ್ಟರಿಗೇನು, ಹೇಳಿ ಬೈಕ್ ಹತ್ತಿದರು, ತಂಗಿಯ ಜೊತೆ ಮಾತೇ ನಿಂತಿದೆ ಅಂತ ಅವರಿಗೆ ಯಾರು ಹೇಳಬೇಕು.

ಎಲ್ಲ ಹಂದಿಯ ಮೈ ಕೆರೆಯುವ ಆ ಹಾಳು ಬ್ರಷ್ಷಿನಿಂದ. ಗಂಡ ತೀರಿಹೋದಮೇಲೆ ಸಂಜೆಯ ಹೊತ್ತಿಗೆ ಅಕ್ಕನಿಗೆ ಬೇರೆ ಯಾರಿದ್ದರು, ದಪ್ಪಮ್ಮನ ಬೆನ್ನಿಗೆ ನಾಲ್ಕು ಸಲ ಎಳೆದರೆ ಅದು ಕಣ್ಣು ಮುಚ್ಚಿ ದೊಪ್ಪೆಂದು ಉರುಳುವುದು, ಆಮೇಲೆ ಅದೇ ಬ್ರಷ್ಷು ಹಿಡಿದು ಬೇಲಿ ದಾಟಿ ತಂಗಿಯ ಹಂದಿಗಳಿಗೂ ಕೆರೆದು, ಕಟ್ಟೆಯ ಮೇಲೆ ಚಹಾ, ಹರಟೆ, ಭಾವನ ಬೆನ್ನು ಒಂದಿನಾನಾದ್ರೂ ಹೀಗೆ ಕೆರೆದಿದ್ಯಾ ಅಕ್ಕಾ, ಥೂ ಹೋಗೆ, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರಲ್ಲ — ಅಯ್ಯೋ, ಹುಳವನ್ನು ಕೈಯಾರೆ ಹೊತ್ತುಕೊಂಡು ಹೋಗಿ ಹಚ್ಚುತ್ತಿದ್ದೇನೆಂದು ಯಾರಿಗೆ ಗೊತ್ತಿತ್ತು, ತಂಗಿಯ ಮರಿಗಳ ಮೈ ನೋಡಿ ಕೊಳ್ಳಲು ಬಂದವರು ಮೂಗು ಮುರಿದು ಹೋದ ದಿನ ಅವಳು ಅಂದದ್ದು ಇಷ್ಟೇ, ಇನ್ಮೇಲೆ ಬೇಲಿ ದಾಟಬೇಡ. ಅಕ್ಕಾ ಅಂತಲೂ ಅನ್ನಲಿಲ್ಲ. ಅದೊಂದು ಇನ್ನೂ ಚುಚ್ಚುತ್ತದೆ.

ಈಗ ತನ್ನ ಮುಂಗೈಗೂ ಕೆಂಪು ಗುಳ್ಳೆ, ಬೆನ್ನಿಗೂ, ಕೈಗೆ ನಿಲುಕದ ಕಡೆಯೇ ಕಡಿತ ಜಾಸ್ತಿ, ಹಂದಿಗೆ ವಾಸಿಯಾದ್ರೆ ನಿಮಗೂ ತಾನಾಗೇ ಹೋಗುತ್ತಮ್ಮ ಅಂದಿದ್ದರು ಡಾಕ್ಟರು, ಹೋಗಲಿ, ಅಲ್ಲಿಯವರೆಗೆ ಈ ಬೆನ್ನಿಗೆ ಯಾರು, ಇಷ್ಟು ದೊಡ್ಡ ಮನೆಯಲ್ಲಿ ಒಂದು ಕೈ ಇಲ್ಲವಲ್ಲ — ಕೈಗವಸು ತೊಟ್ಟು ದಪ್ಪಮ್ಮನಿಗೆ ಮದ್ದು ಹಾಕಿ ಆಯಿತು, ಬಾಟಲಿಯಲ್ಲಿ ಅರ್ಧ ಉಳಿದಿದೆ, ತಂಗಿಯನ್ನು ಕೂಗಬೇಕು, ಮಾಡಿದ್ದುಣ್ಣೋ ಮಹರಾಯ, ಬೈದರೆ ಬೈಯಲಿ, ಬೈಗುಳವಾದರೂ ಮಾತೇ ತಾನೇ, ಸೆರಗು ಸಿಕ್ಕಿಸಿಕೊಂಡು ಬೇಲಿ ದಾಟಿಯೇಬಿಟ್ಟಳು, ತಂಗಿಯ ಹಂದಿಗಳು ಅವಳನ್ನು ಮರೆತಿಲ್ಲ, ಗುರ್ ಗುರ್ ಎಂದು ಬಂದು ಬೆನ್ನು ಒಡ್ಡಿದವು, ಪಾಪದವು, ಇವತ್ತು ಕೆರೆಯುವುದಿಲ್ಲ ಕಣ್ರೋ, ಕುತ್ತಿಗೆಯಿಂದ ಬಾಲದವರೆಗೆ ಸಣ್ಣಗೆ ಸುರಿಯುತ್ತ ಹೋದಳು, ಒಂದನ್ನೂ ಬಿಡಲಿಲ್ಲ, ಮನೆಯ ಬಾಗಿಲು ಕಿರುಗುಟ್ಟಿತು.

ತಂಗಿ. ಬಾಟಲಿ ನೋಡಿದಳು, ಹಂದಿಗಳ ಒದ್ದೆ ಬೆನ್ನು ನೋಡಿದಳು, ಮುಖ ಆಚೆ ತಿರುಗಿಸಿದಳು, ಎರಡೂ ಗೂಡಿಗೆ ಒಂದೇ ದಿನ ಹಾಕ್ಬೇಕಂತೆ ಕಣೆ, ಡಾಕ್ಟರು ಅಂದ್ರು, ಅಂದದ್ದು ಬಾಯಲ್ಲೋ ಮನಸ್ಸಲ್ಲೋ, ತಂಗಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಮೆಲ್ಲಗೆ ಉಜ್ಜತೊಡಗಿದಳು, ಅಯ್ಯೋ ಇವಳಿಗೂ, ಇವಳ ಗಂಡ ಊರಲ್ಲಿಲ್ಲ, ಇವಳಿಗೂ ಕೈ ನಿಲುಕುತ್ತಿಲ್ಲ, ನಾನು ಕೆರೀಲೇನೆ, ಬಾರೇ ಇಲ್ಲಿ, ಕೇಳಬೇಕು, ಕೇಳಿದರೆ ಒಳಗೆ ಹೋಗಿಬಿಟ್ಟರೆ, ಕೈಗವಸಿನ ತುದಿಯಿಂದ ಮದ್ದು ತೊಟ್ಟಿಕ್ಕುತ್ತಿದೆ, ಚೌಕಟ್ಟಿಗೆ ತಂಗಿಯ ಬೆನ್ನು, ಮೇಲೆ, ಕೆಳಗೆ, ಕಣ್ಣು ಮುಚ್ಚಿದ್ದಾಳೆ, ಮೇಲೆ, ಕೆಳಗೆ, ತಂಗಿಯ ಬೆನ್ನು —