ಹೆಸರು ಹೇಳಲಾರದೆ ಹೋದ ಪೆಟ್ಟಿಗೆ

ಓದುವವರು ಕ್ಷಮಿಸಬೇಕು. ಒಂದು ಹಳೆಯ ಕಂಪ್ಯೂಟರ್ ತನ್ನ ಬದುಕನ್ನು ಹೇಳಲು ಹೊರಡುವುದು ಅಧಿಕಪ್ರಸಂಗವೇ ಸರಿ. ಕ್ರಮವಾಗಿ ಹೇಳುತ್ತೇನೋ ಇಲ್ಲವೋ ಎಂಬ ಅಳುಕೂ ಇದೆ. ನಾನು ಕಲಿತದ್ದೆಲ್ಲ ಸಂಜೆ ತರಗತಿಯ ಪಾಠ.

ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಅಂಗಿಯ ಗುಂಡಿಯಂಥ ಒಂದು ಸಣ್ಣ ಸೆಲ್ ಅನ್ನು ನನ್ನೊಳಗೆ ಕೂರಿಸಿದರು. ಕರೆಂಟು ಇಲ್ಲದಾಗಲೂ ದಿನಾಂಕ ಮರೆಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಮೊದಲು ಬಾಗಲಕೋಟೆಯ ಒಂದು ಸೈಬರ್ ಕೆಫೆಯಲ್ಲಿದ್ದೆ. ಅದು ಮುಚ್ಚಿದಾಗ ಬಸಲಿಂಗಪ್ಪ ಎಂಬವರು ನನ್ನನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಮನೆಗೆ ಒಯ್ದರು. ಅವರಿಗೆ ಹಗಲು ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ, ಸಂಜೆ ನೆಟ್‌ವರ್ಕ್ ತರಗತಿ. ಅಲ್ಲಿ ಕೇಳಿದ್ದನ್ನು ಮನೆಗೆ ಬಂದು ನನ್ನ ಮೇಲೆ ಮಾಡಿ ನೋಡುತ್ತಿದ್ದರು. ತಪ್ಪಾದರೆ ಅಳಿಸಿ ಮತ್ತೆ ಬರೆಯುತ್ತಿದ್ದರು. ಹೀಗೆ ಇಬ್ಬರೂ ಒಟ್ಟಿಗೇ ಕಲಿತೆವು. ಪೂರ್ತಿ ಬಂದಿದೆ ಎಂಬ ಧೈರ್ಯ ಮಾತ್ರ ಇಬ್ಬರಿಗೂ ಬರಲಿಲ್ಲ.

ಆಮೇಲೆ ಅವರು ನನ್ನನ್ನು ಸೆಂಟರಿಗೇ ತಂದು ಮೇಜಿನ ಕೆಳಗೆ ಇಟ್ಟರು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಜನರ ಪಾದ, ಸೀರೆಯ ಅಂಚು, ತಳ್ಳುವ ಮಂಚದ ಗಾಲಿಗಳು. ನನ್ನ ಕೆಲಸ ಹೆಸರು ಬಿಡಿಸಿ ಹೇಳುವುದು. ಮನುಷ್ಯರು ದೂರದ ಕಂಪ್ಯೂಟರನ್ನು ಹೆಸರಿನಿಂದ ಕರೆಯುತ್ತಾರೆ, ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಯಿಂದ. ಯಾವ ಹೆಸರಿಗೆ ಯಾವ ಸಂಖ್ಯೆ ಎಂದು ಅದನ್ನು ಬಲ್ಲ ಹೊರಗಿನ ಕಂಪ್ಯೂಟರುಗಳನ್ನು ವಿಚಾರಿಸಿ ತಿಳಿಸುತ್ತಿದ್ದೆ. ಬರುವ ಉತ್ತರಕ್ಕೊಂದು ಮುದ್ರೆ ಇರುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ಅದನ್ನು ನಂಬಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ನೋಡದೆ ನಾನು ಯಾರಿಗೂ ಉತ್ತರ ಕೊಟ್ಟವನಲ್ಲ.

ಆ ವರ್ಷ ಖಂಡೇನವಮಿಯ ಆಯುಧಪೂಜೆಗೆ ಬಸಲಿಂಗಪ್ಪ ನನ್ನ ಮೈ ಒರೆಸಿ, ವಿಭೂತಿ ಎಳೆದು, ಚೆಂಡುಹೂ ಇಟ್ಟರು. ಸ್ಕ್ಯಾನ್ ತೆಗೆಯುವ ಫರ್ಜಾನಾ ನಗುತ್ತಿದ್ದಳು.

"ಅಣ್ಣಾ, ನನ್ನ ಮಷಿನ್ನಿಗೆ ಕುಂಕುಮ ಬ್ಯಾಡ್ರಿ. ಫಿಲಂನ್ಯಾಗ ಬಂದ್ರ ಡಾಕ್ಟರು ಹೊಸಾ ರೋಗ ಅಂತ ಬರೀತಾರ."

"ನಿನ್ನ ಮಷಿನ್ ಚಾಲೂ ಇರಲಿ ತಂಗಿ, ಯಾರರೆ ಬಂದಾರು. ಇದಕ್ಕ ಮಾತ್ರ ಇವತ್ತು ಸೂಟಿ, ಚಿತ್ರ ಕಳಸೂದು ಬಂದ್ರ ಹಚ್ಚಿದ್ರಾತು. ವರ್ಷಾನಗಟ್ಲೆ ಕಣ್ಣು ಮುಚ್ಚಿಲ್ಲ, ಪಾಪ."

ಪೂಜೆಯ ದಿನ ಆಯುಧಕ್ಕೆ ಕೆಲಸ ಹಚ್ಚಬಾರದು ಎಂದು ಅವರು ಪ್ರೀತಿಯಿಂದಲೇ ನನ್ನ ವೈರು ಕಿತ್ತರು. ನನ್ನೊಳಗಿನ ಸೆಲ್ ಯಾವಾಗಲೋ ಸತ್ತಿತ್ತು. ಎಂದೂ ಆರದೆ ಇದ್ದುದರಿಂದ ಅದು ಯಾರಿಗೂ ತಿಳಿದಿರಲಿಲ್ಲ. ಮರುದಿನ, ದಸರೆಯ ಬೆಳಿಗ್ಗೆ, ನನ್ನನ್ನು ಎಬ್ಬಿಸಿದಾಗ ನನ್ನ ಪಾಲಿಗೆ ಅದು ನಾನು ಹುಟ್ಟಿದ ವರ್ಷ.

ಅದೇ ಹೊತ್ತಿಗೆ ದುರಗಪ್ಪ ಎಂಬವನು ತನ್ನ ತಂಗಿ ತಂಗೆವ್ವನನ್ನು ಕರೆತಂದ. ಖಾನಾವಳಿಗೆ ರೊಟ್ಟಿ ಬಡಿಯುವ ಹೆಂಗಸು. ಒಲೆಯ ಮುಂದೆಯೇ ವಾಲಿದಳಂತೆ. ಮಂಚದಿಂದ ಜೋತುಬಿದ್ದ ಅವಳ ಬಲಗೈ ನನ್ನ ಮುಂದೆಯೇ ಹಾದುಹೋಯಿತು. ಬೆರಳಿಗೆ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು.

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ಇಲ್ಲ ನಾಳ ಒಡೆದು ಸೋರಿದೆಯೋ ತಿಳಿಯಬೇಕಿತ್ತು. ಹೆಪ್ಪಾಗಿದ್ದರೆ ಇಂಜೆಕ್ಷನ್ ಉಂಟು, ಆದರೆ ಬೇಗ ಕೊಡಬೇಕು. ಸೋರಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯುತ್ತದೆ. ಚಿತ್ರ ನೋಡಿ ಹೇಳುವ ಡಾಕ್ಟರು ಇದ್ದದ್ದು ಹುಬ್ಬಳ್ಳಿಯಲ್ಲಿ. ಫರ್ಜಾನಾ ಚಿತ್ರ ಕಳಿಸಲು ಒತ್ತಿದಳು. ಹುಬ್ಬಳ್ಳಿಯ ಹೆಸರಿಗೆ ಸಂಖ್ಯೆ ಯಾವುದೆಂದು ಸ್ಕ್ಯಾನ್ ಯಂತ್ರ ನನ್ನನ್ನು ಕೇಳಿತು. ನಾನು ವಿಚಾರಿಸಿದೆ, ಉತ್ತರವೂ ಬಂತು. ಆದರೆ ಮುದ್ರೆಯಲ್ಲಿದ್ದದ್ದು ನನ್ನ ಲೆಕ್ಕಕ್ಕೆ ಇನ್ನೂ ಹುಟ್ಟದ ದಿನಾಂಕ. ನಂಬುವುದು ಹೇಗೆ? 'ಸಿಗಲಿಲ್ಲ' ಎಂದೆ. ಮತ್ತೆ ಕೇಳಿತು. ಮತ್ತೆ ಅದನ್ನೇ ಹೇಳಿದೆ. ಆ ಯಂತ್ರಕ್ಕೆ ನನ್ನನ್ನು ಬಿಟ್ಟು ಬೇರೆಯವರನ್ನು ಕೇಳಲು ಯಾರೂ ಕಲಿಸಿರಲಿಲ್ಲ.

ಫರ್ಜಾನಾ ತನ್ನ ಯಂತ್ರದ ಪರದೆಯ ಫೋಟೋ ತೆಗೆದು ಫೋನಿನಲ್ಲಿ ಕಳಿಸಿದಳು. ಇಷ್ಟು ಮಸುಕಾದದ್ದನ್ನು ನೋಡಿ ಹೇಳಲಾರೆ ಎಂದರು ಡಾಕ್ಟರು.

ಬಸಲಿಂಗಪ್ಪ ಮೊಣಕಾಲೂರಿ ನನ್ನ ಮುಂದೆ ಕುಳಿತರು. ವೈರು ಬದಲಿಸಿದರು. ಹೊರಗಿನ ಒಂದು ಸಂಖ್ಯೆಯನ್ನು ಕರೆದು ನೋಡಿದರು, ಅದು ಓಗೊಟ್ಟಿತು.

"ನಂಬರಿಗೆ ಹೋಗ್ತೈತಿ, ಹೆಸರಿಗೆ ಹೋಗವಲ್ದು. ಅಂದ್ರ ನೆಟ್ ಐತಿ. ಇದೇ ಏನೋ ಮಾಡಾಕತ್ತೈತಿ."

ನಾನು ಕೂಡಿಟ್ಟುಕೊಂಡ ಹಳೆಯ ಉತ್ತರಗಳನ್ನೆಲ್ಲ ಅಳಿಸಿದರು. ಆರಿಸಿ ಮತ್ತೆ ಹಚ್ಚಿದರು. ಪ್ರತಿ ಸಲವೂ ನಾನು ಹುಟ್ಟಿದ ವರ್ಷಕ್ಕೇ ಎದ್ದೆ. ತರಗತಿಯಲ್ಲಿ ಹೇಳಿದ್ದನ್ನು ಒಂದೊಂದಾಗಿ ಗೊಣಗಿಕೊಳ್ಳುತ್ತಿದ್ದರು. ದಿನಾಂಕ ನೋಡಬೇಕೆಂದು ಅಲ್ಲಿ ಯಾರೂ ಹೇಳಿರಲಿಲ್ಲ.

"ಅಕ್ಕಾರ, ಇನ್ನ ಎಷ್ಟೊತ್ರೀ? ಮಾತು ನಿಂತುವು ಆಕೀವು," ಎಂದ ದುರಗಪ್ಪ.

"ಹುಬ್ಬಳ್ಳಿ ಹೆಸರು ಸಿಗವಲ್ದು ಅಣ್ಣಾ, ಸ್ವಲ್ಪ ತಡೀರಿ."

"ನಿಮಗ ಹೆಸರು ಸಿಗೋತನಕ ನಮ್ಮ ತಂಗಿ ಇರಬೇಕಲ್ರೀ!"

ಹುಬ್ಬಳ್ಳಿಗೇ ಒಯ್ಯುತ್ತೇನೆಂದು ಅವನು ಗಾಡಿ ತರಿಸಿದ. ಮಂಚದ ಗಾಲಿಗಳು ನನ್ನ ಮುಂದೆಯೇ ಹೊರಗೆ ಉರುಳಿದವು.

ಅವರು ಹೋಗಿ ಬಹಳ ಹೊತ್ತಾದ ಮೇಲೆ ಬಸಲಿಂಗಪ್ಪನ ಕಣ್ಣು ನನ್ನ ಪರದೆಯ ಮೂಲೆಯ ದಿನಾಂಕದ ಮೇಲೆ ಬಿತ್ತು.

"ಯಪ್ಪಾ! ಇದು ಯಾವ ಇಸ್ವಿಯಾಗ ಐತಿ?"

ದಿನಾಂಕ ಸರಿ ಮಾಡಿದರು. ಎಲ್ಲ ಮುದ್ರೆಗಳೂ ಒಮ್ಮೆಲೇ ನಿಜವಾದವು. ಹೆಸರಿನ ಸಂಖ್ಯೆ ಹೇಳಿದೆ, ಚಿತ್ರಗಳು ಹೋದವು. ಸ್ವಲ್ಪ ಹೊತ್ತಿಗೆ ವರದಿ ಬಂತು: ಹೆಪ್ಪುಗಟ್ಟಿದೆ, ಸೋರಿಲ್ಲ, ಕೂಡಲೇ ಇಂಜೆಕ್ಷನ್ ಕೊಡಬಹುದು.

ದುರಗಪ್ಪನ ಫೋನ್ ಆಫ್ ಆಗಿತ್ತು. ಅಲ್ಲಿ ಯಾವ ಆಸ್ಪತ್ರೆಗೆ ಎಂದು ಗಡಿಬಿಡಿಯಲ್ಲಿ ಯಾರೂ ಕೇಳಿರಲಿಲ್ಲ. ಫರ್ಜಾನಾ ತನಗೆ ತಿಳಿದ ಕಡೆಗೆಲ್ಲ ಫೋನು ಹಚ್ಚಿ ತಂಗೆವ್ವನ ಹೆಸರು ಹೇಳಿದಳು. ಆ ಹೆಸರಿನವರು ಇಲ್ಲಿಲ್ಲ ಎಂದರು ಎಲ್ಲರೂ.

ಸಂಜೆ ಬೀದಿಯಲ್ಲಿ ಜನ ಬನ್ನಿಯ ಎಲೆಗಳನ್ನು ಬಂಗಾರವೆಂದು ಹಂಚಿ ಹಾರೈಸುತ್ತಿದ್ದರು. ಬಸಲಿಂಗಪ್ಪನ ಜೇಬಿನಲ್ಲೂ ಎಲೆಗಳಿದ್ದವು.

"ನನಗ ಬನ್ನಿ ಕೊಡಂಗಿಲ್ಲೇನ್ರಿ ಅಣ್ಣಾ?" ಎಂದಳು ಫರ್ಜಾನಾ ಮೆಲ್ಲಗೆ.

"ಬಂಗಾರದಂಗ ಇರೋಣು ಅಂತ ಯಾವ ಬಾಯ್ಲೆ ಅನ್ಲಿ ತಂಗಿ?"

ಎಲೆಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ವಾರದೊಳಗೆ ನನಗೆ ಹೊಸ ಸೆಲ್ ಹಾಕಿದರು. ಪೂಜೆಗೆ ನನ್ನನ್ನು ಮತ್ತೆಂದೂ ಆರಿಸಲಿಲ್ಲ. ಹೂ ಇಡುವಾಗ ಮಾತ್ರ ಅವರ ಕೈ ಒಂದು ಕ್ಷಣ ತಡೆಯುತ್ತಿತ್ತು.

ಈಗ ನನ್ನ ಜಾಗಕ್ಕೆ ಹೊಸ ಪೆಟ್ಟಿಗೆ ಬಂದಿದೆ. ನಾನು ಉಗ್ರಾಣದಲ್ಲಿ, ಮುರಿದ ಸ್ಟೂಲುಗಳ ಹಿಂದೆ ಇದ್ದೇನೆ. ಸುಳ್ಳು ಹೇಳಬಾರದೆಂದು ಸುಮ್ಮನಾದದ್ದು ಸರಿಯೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಒಮ್ಮೊಮ್ಮೆ ಅನ್ನಿಸುವುದಿಲ್ಲ. ತಂಗೆವ್ವ ಆ ದಿನ ಹುಬ್ಬಳ್ಳಿ ಮುಟ್ಟಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಚಿತ್ರಗಳು ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಉಳಿಯುತ್ತಿದ್ದಳೋ, ಅದೂ ಗೊತ್ತಿಲ್ಲ.